ರಾಗಿ ಹೊಲದ ಬೆರಕೆ ಸೊಪ್ಪು

ಮುಂಗಾರಿನ ರಾಗಿ ಬಿತ್ತಿ ಮೂರು ನಾಲ್ಕು ವಾರ ಕಳೆದಾಗ ಕೋಲಾರ, ತುಮಕೂರು, ಮಂಡ್ಯ ಜಿಲ್ಲೆಗಳ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪು ತರುವುದು ಹಳೆಯ ವಾಡಿಕೆ. ಅಣ್ಣೆ, ಗೋಣಿ, ಗಣಿಕೆ, ಮುಳ್ಳುದಂಟು, ಬದುವಿನ ಮೇಲಿನ ತಗಚೆ ಚಿಗುರು, ಕಾಲುವೆ ಬದಿಯ ಹೊನಗೊನೆ, ಇವೆಲ್ಲ ಸೇರಿ ಬೆರಕೆ ಸೊಪ್ಪು. ಬೇಸಾಯಶಾಸ್ತ್ರದ ಪುಸ್ತಕಗಳಲ್ಲಿ ಇವುಗಳಲ್ಲಿ ಬಹುಪಾಲು ಕಳೆಗಳ ಪಟ್ಟಿಯಲ್ಲಿಯೇ ಇವೆ.

ಕಳೆಯ ಪೈಪೋಟಿಯಿಂದ ರಾಗಿಗೆ ಹೆಚ್ಚು ಹಾನಿಯಾಗುವುದು ಬಿತ್ತಿದ ಮೊದಲ ಐದಾರು ವಾರಗಳಲ್ಲಿ. ಈ ಸೊಪ್ಪುಗಳು ಎಳೆಯವಾಗಿ ಅಡಿಗೆಗೆ ಒದಗುವುದೂ ಅದೇ ಕಾಲದಲ್ಲಿ. ಅಣ್ಣೆಯನ್ನೇ ನೋಡಬಹುದು. ತುದಿಯಲ್ಲಿ ಬೆಳ್ಳಿ ಗುಲಾಬಿ ಬಣ್ಣದ ತೆನೆ ಹೊರಟಿತೆಂದರೆ ಎಲೆ ಒರಟಾಗುತ್ತದೆ. ತೆನೆ ಬಲಿತರೆ ಹೊಳೆಯುವ ಸಣ್ಣ ಕಪ್ಪು ಬೀಜಗಳು ಲೆಕ್ಕವಿಲ್ಲದಷ್ಟು ಉದುರಿ ಮುಂದಿನ ವರ್ಷದ ಕಳೆಗೆ ಬುನಾದಿಯಾಗುತ್ತವೆ. ಕುಡಿ ಮಾತ್ರ ಚಿವುಟಿದರೆ ಗಿಡ ಕವಲೊಡೆದು ಮತ್ತೆ ತೆನೆ ಬಿಡುವುದರಿಂದ ಹೂವಿಗೆ ಮುಂಚೆಯೇ ಬೇರುಸಹಿತ ಕಿತ್ತು, ಮನೆಯಲ್ಲಿ ಸೋಸಿಕೊಳ್ಳುವುದು ಮೇಲು.

ಹಿರಿಯರಿಗೆ ಗುರುತು ಹೇಳಿಕೊಡಬೇಕಾಗಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಬೇಕಾಗಿದೆ. ಗೋಣಿ ಸೊಪ್ಪಿನ ದಂಟು ಮುರಿದರೆ ನೀರಿನಂತಹ ರಸ ಬರುತ್ತದೆ. ಹಾಲು ಬಂದರೆ ಅದು ಗೋಣಿಯಲ್ಲ, ನೆಲಕ್ಕೆ ಹರಡುವ ಬೇರೆ ಕಳೆ. ಗಣಿಕೆಯೂ ಉಮ್ಮತ್ತಿಯೂ ಬದನೆಯ ಕುಟುಂಬಕ್ಕೇ ಸೇರಿದವು. ಉಮ್ಮತ್ತಿಯ ಎಲೆ, ಬೀಜ ಎಲ್ಲವೂ ವಿಷ. ಎಲೆ ಹಿಸುಕಿದರೆ ಕೆಟ್ಟ ವಾಸನೆ. ಗಣಿಕೆಯಲ್ಲಿ ಚಿಕ್ಕ ಬಿಳಿ ಹೂಗಳೂ ಬಟಾಣಿಗಿಂತ ಸಣ್ಣ ಕಾಯಿಗಳೂ ಗೊಂಚಲಾಗಿರುತ್ತವೆ. ಹೂವೋ ಕಾಯಿಯೋ ಕಾಣುವವರೆಗೆ ಹೊಸಬರು ಗಣಿಕೆಯನ್ನು ಕೀಳದಿರುವುದು ಕ್ಷೇಮ. ಅದರ ಹಸಿರು ಕಾಯಿ ತಿನ್ನಬಾರದು.

ಹೊನಗೊನೆಯ ವಿಷಯದಲ್ಲಿ ಗಿಡದಷ್ಟೇ ಜಾಗವನ್ನೂ ನೋಡಬೇಕು. ಚರಂಡಿ ನೀರು, ಕಾರ್ಖಾನೆ ನೀರು ಸೇರುವ ಕೆರೆಯಂಚಿನಲ್ಲಿ ಅದು ಸೊಂಪಾಗಿ ಬೆಳೆದರೂ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಂಡಿರುತ್ತದೆ. ತೊಳೆದರೆ ಇವು ಹೋಗುವುದಿಲ್ಲ. ಅಂತಹ ಕಡೆ ದಕ್ಷಿಣ ಅಮೆರಿಕದಿಂದ ಬಂದ ಅದರದೇ ಜಾತಿಯ ಇನ್ನೊಂದು ಗಿಡವೂ ಹಬ್ಬಿದೆ. ಹೊನಗೊನೆಯ ಹೂ ಎಲೆಯ ಕಂಕುಳಿಗೆ ಅಂಟಿಕೊಂಡಿದ್ದರೆ, ಇದರ ಹೂ ತೊಟ್ಟಿನ ಮೇಲೆ ಎದ್ದು ನಿಂತಿರುತ್ತದೆ.

ಅಡಿಗೆಯಲ್ಲಿ ಬಸ್ಸಾರಿನ ಪದ್ಧತಿ ಬಹಳ ಒಳ್ಳೆಯದು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಉಳಿಯುತ್ತವೆ. ಪಲ್ಯಕ್ಕೆ ಹಾಕುವ ಎಣ್ಣೆಯ ಒಗ್ಗರಣೆಯಿಂದ ಕ್ಯಾರೋಟಿನ್ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ; ಊಟಕ್ಕೆ ಹಿಂಡಿದ ನಿಂಬೆರಸದಿಂದ ಕಬ್ಬಿಣದ ಅಂಶ ಹೆಚ್ಚು ದಕ್ಕುತ್ತದೆ. ಗೋಣಿ ಸೊಪ್ಪು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಆಕ್ಸಲೇಟ್ ಹೆಚ್ಚಾಗಿರುವುದರಿಂದ ಬೇಯಿಸಿದ ನೀರನ್ನು ಚೆಲ್ಲಬೇಕು. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಆ ಸೊಪ್ಪನ್ನೇ ಬಿಡುವುದು ಲೇಸು.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಕಳೆನಾಶಕದ್ದು. ಕೂಲಿ ಆಳು ಸಿಗದ ಊರುಗಳಲ್ಲಿ ಇದರ ಬಳಕೆ ಹೆಚ್ಚುತ್ತಿದೆ, ಅದನ್ನು ತಪ್ಪೆನ್ನಲಾಗದು. ಆದರೆ 2,4-ಡಿ ಕೊಲ್ಲುವುದು ಅಗಲ ಎಲೆಯ ಕಳೆಗಳನ್ನು, ಎಂದರೆ ಅಡಿಗೆಗೆ ಬರುವ ಇವೇ ಸೊಪ್ಪುಗಳನ್ನು. ಸಿಂಪಡಿಸಿದ ಕೂಡಲೇ ಗಿಡ ಬಾಡುವುದಿಲ್ಲ. ಬದುವಿಗೆ ಹೊಡೆಯುವ ಗ್ಲೈಫೊಸೇಟ್‌ನ ಪರಿಣಾಮ ಕಣ್ಣಿಗೆ ಕಾಣಲು ಹಲವು ದಿನ ಬೇಕು. ಅಲ್ಲಿಯವರೆಗೂ ಸೊಪ್ಪು ಹಸಿರಾಗಿಯೇ ಇರುತ್ತದೆ. ಸಾಮಾನ್ಯವಾಗಿ ಸಿಂಪಡಿಸುವವರು ಗಂಡಸರು, ಸೊಪ್ಪು ಕೀಳುವವರು ಹೆಂಗಸರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಔಷಧಿ ನೇರವಾಗಿ ಸಾರಿನ ಮಡಕೆಗೆ ಬರುತ್ತದೆ.

ಆದ್ದರಿಂದ ಸಿಂಪಡಿಸುವ ಹಿಂದಿನ ದಿನವೇ ಮನೆಯವರಿಗೂ ಕೂಲಿಯವರಿಗೂ ನೆರೆ ಹೊಲದವರಿಗೂ ತಿಳಿಸಬೇಕು. ಬೇಕಾದ ಸೊಪ್ಪನ್ನು ಅಂದೇ ಕಿತ್ತುಕೊಳ್ಳಲಿ. ಸಿಂಪಡಿಸಿದ ಹೊಲದ ಮೂಲೆಗೆ ಬೇವಿನ ಸೊಪ್ಪಿನ ಕಟ್ಟನ್ನೋ ಕೆಂಪು ಬಟ್ಟೆಯನ್ನೋ ಕಟ್ಟಿದರೆ ಓದು ಬಾರದವರಿಗೂ ಗುರುತಾಗುತ್ತದೆ. ಆ ಬೆಳೆ ಕೊಯ್ಲಾಗುವವರೆಗೆ ಅಲ್ಲಿಯ ಸೊಪ್ಪನ್ನು ಅಡಿಗೆಗೆ ಬಳಸಬಾರದು, ಕಿತ್ತ ಕಳೆಯನ್ನು ದನಕ್ಕೂ ಹಾಕಬಾರದು. ಸೊಪ್ಪು ಬೇಕೇ ಬೇಕೆನ್ನುವವರು ಹೊಲದ ಪಡುವಣ ಅಂಚಿನಲ್ಲಿ ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಟ್ಟು ಕೈಯಿಂದಲೇ ಕಳೆ ತೆಗೆಯಬಹುದು. ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುವುದರಿಂದ ತಮ್ಮ ಹೊಲದ ಔಷಧಿಯ ತುಂತುರು ಆ ಕಡೆಗೆ ಹೋಗುವುದು ಕಡಿಮೆ. ಆಚೆಯ ಹೊಲದವರು ಸಿಂಪಡಿಸುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.