ಅಡವಿಯ ಕಿಚ್ಚೂ ಊರ ಹಿರಿಯರ ಹೊಣೆಯೂ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಸೀಮೆಯ ಅಡವಿಯು ಸಹ್ಯಾದ್ರಿಯ ದಟ್ಟ ಕಾಡಿನಂಥದಲ್ಲ. ಮಳೆ ಕಡಿಮೆಯಾದ ಇಲ್ಲಿನ ಗುಡ್ಡಗಳಲ್ಲಿ ಜಾಲಿ, ಬಾರಿ, ತಂಗಡಿ ಮುಂತಾದ ಕುರುಚಲು ಗಿಡಗಳೂ ಹುಲ್ಲೂ ಬೆಳೆಯುವವು. ಆದಕಾರಣ ಇದನ್ನು ಬೀಳು ನೆಲವೆಂದು ತಾತ್ಸಾರ ಮಾಡುವವರುಂಟು. ಇದು ತಪ್ಪು ತಿಳುವಳಿಕೆ.

ಪೂರ್ವದಲ್ಲಿ ಊರ ಬಡಿಗನು ಜಾಲಿಯ ಕಟ್ಟಿಗೆಯಿಂದ ನೇಗಿಲು, ಕುಂಟೆ, ಬಂಡಿಯ ಗಾಲಿಗಳನ್ನು ಮಾಡಿಕೊಟ್ಟು, ಸುಗ್ಗಿಯ ಕಣದಲ್ಲಿ ತನ್ನ ಆಯವನ್ನು ಪಡೆಯುತ್ತಿದ್ದನು. ರಬಕವಿ-ಬನಹಟ್ಟಿಯ ನೇಕಾರರ ಕೈಮಗ್ಗಗಳಿಗೂ ಕಟ್ಟಿಗೆಯೇ ಆಧಾರವಾಗಿದ್ದಿತು. ಹೀಗೆ ಒಕ್ಕಲುತನವೂ ನೇಕಾರಿಕೆಯೂ ಗಿಡಮರಗಳನ್ನೇ ನಂಬಿದ್ದವು.

ಮುಂಬಯಿ ಇಲಾಖೆಯಲ್ಲಿ 1847ರಲ್ಲಿ ಡಾಕ್ಟರ ಅಲೆಕ್ಝಾಂಡರ ಗಿಬ್ಸನ್ನರು ಮೊದಲನೆಯ ಅರಣ್ಯ ಸಂರಕ್ಷಕರಾದರು. ಮುಂದೆ 1865, 1878 ಮತ್ತು 1927ರಲ್ಲಿ ಅರಣ್ಯ ಕಾಯಿದೆಗಳಾದವು. ಕಾಯ್ದಿಟ್ಟ ಅಡವಿಯಲ್ಲಿ ಬೆಂಕಿ ಹಚ್ಚುವದು ಅಪರಾಧವಾಯಿತು. 1927ರ ಕಾಯಿದೆಯ 79ನೆಯ ಕಲಮಿನ ಪ್ರಕಾರ, ಅಡವಿಯಲ್ಲಿ ಮೇವು, ಕಟ್ಟಿಗೆಗಳ ಹಕ್ಕುಳ್ಳವರೂ ನೆರೆಯ ಊರಿನ ಸರಕಾರಿ ನೌಕರರೂ ಕಿಚ್ಚಿನ ಸುದ್ದಿಯನ್ನು ತಿಳಿಸಿ, ಅದನ್ನು ಆರಿಸಲು ನೆರವಾಗತಕ್ಕದ್ದು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1963ರಲ್ಲಿ ನಮ್ಮ ರಾಜ್ಯಕ್ಕೆ ಪ್ರತ್ಯೇಕ ಅರಣ್ಯ ಕಾಯಿದೆಯಾಯಿತು.

ಬೀಳಗಿ, ಮುಧೋಳ ತಾಲೂಕುಗಳ ಕುರುಚಲು ಅಡವಿಯಲ್ಲಿ ಚಿಂಕಾರವೆಂಬ ಹುಲ್ಲೆಯು ವಾಸಿಸುತ್ತದೆ. ಇದರ ರಕ್ಷಣೆಗಾಗಿ 2015-16ನೆಯ ಸಾಲಿನಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವು ಏರ್ಪಟ್ಟಿತು. ವಿಸ್ತಾರ ಸುಮಾರು 96 ಚದರ ಕಿಲೋಮೀಟರು. ಫಾಲ್ಗುಣ-ಚೈತ್ರಗಳಲ್ಲಿ ಹುಲ್ಲು ಒಣಗಿ ನಿಂತಾಗ ಒಂದು ಬೀಡಿಯ ತುಂಡು ಸಾಕು. ಗಾಳಿಯು ಕಿಚ್ಚನ್ನು ಗುಡ್ಡದುದ್ದಕ್ಕೂ ಒಯ್ಯುವದು. ಎಳೆಯ ಸಸಿಗಳು ಸುಟ್ಟುಹೋಗುವವು. ದನಕರುಗಳ ಮೇವು ಬೂದಿಯಾಗುವದು. ಬತ್ತಲೆಯಾದ ಮಣ್ಣು ಮೊದಲ ಮಳೆಗೇ ಕೊಚ್ಚಿ ಹಳ್ಳ ಸೇರುವದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಅಡವಿಯು ಹೀಗೆಯೇ ಉರಿದುದನ್ನು ನಾಡೆಲ್ಲ ಕಂಡಿತು.

ನಮ್ಮಲ್ಲಿ ವಿಶೇಷ ಭಯವು ಕಬ್ಬಿನ ರವದಿಯಿಂದ. ಕಟಾವಾದ ಮೇಲೆ ರವದಿ ಸುಡುವ ಬೆಂಕಿಯು ಬದುವನ್ನು ದಾಟಿದರೆ ನೆರೆಯವನ ಬೆಳೆಯೂ ಉಳಿಯದು, ಗುಡ್ಡವೂ ಉಳಿಯದು. ರವದಿಯನ್ನು ಸುಡದೆ ಸಾಲುಗಳ ನಡುವೆ ಹರವಿದರೆ ನೆಲದ ತೇವವು ನಿಲ್ಲುವದು, ಕಸ ಕಡಿಮೆಯಾಗುವದು, ಕೊಳೆತು ಗೊಬ್ಬರವೂ ಆಗುವದು. ಸುಡುವವನು ತನ್ನ ಗೊಬ್ಬರವನ್ನೇ ಸುಟ್ಟಂತೆ.

ಆದುದರಿಂದ ಗ್ರಾಮದ ಹಿರಿಯರೂ ಜಮೀನುದಾರರೂ ಬೇಸಿಗೆಗೆ ಮುಂಚೆಯೇ ಊರವರನ್ನು ಕೂಡಿಸಿ ಈ ಮಾತನ್ನು ತಿಳಿಸಬೇಕು. ಅಡವಿಗೆ ಹತ್ತಿದ ಹೊಲಗಳ ಅಂಚಿನ ಒಣಹುಲ್ಲನ್ನು ಕೊಯ್ದು ತೆಗೆಯಿಸಬೇಕು. ಹೊಗೆ ಕಂಡ ಕೂಡಲೆ ಅರಣ್ಯ ರಕ್ಷಕನಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಬೇಕು. ಕಿಚ್ಚು ಹತ್ತಿದ ಮೇಲೆ ಬಾವಿ ತೋಡುವದಕ್ಕಿಂತ, ಕಿಚ್ಚು ಹತ್ತದಂತೆ ನೋಡಿಕೊಳ್ಳುವದೇ ಲೇಸು.