ಬರ್ಲಿನ್ ನಗರವನ್ನು ಉಳಿಸಿದ ಕಾಗದ

ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎಂಬುದು ನಮ್ಮಲ್ಲಿಯ ಹಳೆಯ ಮಾತು. ಎರಡನೆಯ ಮಹಾಯುದ್ಧವು ಮುಗಿದ ತರುವಾಯ ನಿನ್ನೆಯ ಮಿತ್ರರಾದ ಅಮೆರಿಕ ಮತ್ತು ಸೋವಿಯತ್ ರಷ್ಯಗಳು ಒಂದನ್ನೊಂದು ಕೆಕ್ಕರಿಸಿ ನೋಡತೊಡಗಿದಾಗ ಅಂಥ ಗಿಡವಾದದ್ದು ಬರ್ಲಿನ್ ನಗರ. ಆ ಗಿಡವು ತುಳಿತಕ್ಕೆ ಸಿಕ್ಕಿಯೂ ಬದುಕಿಕೊಂಡ ಬಗೆ ಇಂದಿಗೂ ತಿಳಿದಿರಬೇಕಾದುದೆಂದು ನಮ್ಮ ಭಾವನೆ.

1945ರಲ್ಲಿ ಗೆದ್ದ ರಾಷ್ಟ್ರಗಳಾದ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಗಳು ಜರ್ಮನಿಯನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು. ರಾಜಧಾನಿಯಾದ ಬರ್ಲಿನ್ನನ್ನೂ ಹಾಗೆಯೇ ನಾಲ್ಕು ಪಾಲು ಮಾಡಿದವು. ಆದರೆ ಆ ನಗರವಿದ್ದುದು ರಷ್ಯದ ವಲಯದ ಒಳಗೆ, ಪಶ್ಚಿಮದ ಗಡಿಯಿಂದ 150 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಪಶ್ಚಿಮ ಬರ್ಲಿನ್ನಿನ 20 ಲಕ್ಷಕ್ಕೂ ಮಿಕ್ಕ ಜನರ ಹಿಟ್ಟು, ಇದ್ದಲುಗಳ ಹಾದಿಯೆಲ್ಲ ರಷ್ಯದ ಕೈಯಲ್ಲಿತ್ತು.

ಈ ಹಾದಿಗಳ ಬಗೆಗೆ ಮಾಡಿಕೊಂಡ ಏರ್ಪಾಡೇನು? 1945ರ ಜೂನ್ ತಿಂಗಳಲ್ಲಿ ಅಮೆರಿಕದ ಜನರಲ್ ಕ್ಲೇ ಮತ್ತು ರಷ್ಯದ ಮಾರ್ಷಲ್ ಜುಕೋವ್ ಮಾತನಾಡಿದರು. ರಸ್ತೆ, ರೈಲುಗಳ ವಿಷಯ ಬಾಯಿಮಾತಿನಲ್ಲಿಯೇ ಮುಗಿಯಿತು. ಅದೇ ವರ್ಷ ನವೆಂಬರ್ 30ರಂದು ಮಾತ್ರ ವಿಮಾನಗಳಿಗಾಗಿ ತಲಾ 20 ಮೈಲಿ ಅಗಲದ ಮೂರು ಆಕಾಶಮಾರ್ಗಗಳನ್ನು ನಾಲ್ಕೂ ರಾಷ್ಟ್ರಗಳು ಬರಹದಲ್ಲಿ ಒಪ್ಪಿಕೊಂಡವು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಇದರ ಬೆಲೆ ಬೇಗನೆ ಹೊಳೆಯುತ್ತದೆ.

1948ರ ಜೂನ್ ತಿಂಗಳಲ್ಲಿ ಪಶ್ಚಿಮದ ರಾಷ್ಟ್ರಗಳು ತಮ್ಮ ವಲಯಗಳಲ್ಲಿ ಹೊಸ ನಾಣ್ಯವನ್ನು ಚಲಾವಣೆಗೆ ತಂದು, ಪಶ್ಚಿಮ ಬರ್ಲಿನ್ನಿಗೂ ಅದನ್ನು ವಿಸ್ತರಿಸಿದವು. ಜರ್ಮನಿಯ ದಾಳಿಗೆ ಎರಡು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿದ್ದ ರಷ್ಯಕ್ಕೆ, ಆ ದೇಶವು ಎದುರು ಬಣದ ನೆರವಿನಿಂದ ಮತ್ತೆ ತಲೆಯೆತ್ತುವುದೆಂಬ ಭಯ. ಭಯವಿದ್ದಲ್ಲಿ ವಿವೇಕಕ್ಕೆ ಎಡೆಯೆಲ್ಲಿ? ಜೂನ್ 24ರಂದು ರಷ್ಯವು ರಸ್ತೆ, ರೈಲು, ಜಲಮಾರ್ಗಗಳನ್ನೆಲ್ಲ ಮುಚ್ಚಿತು. ತನ್ನ ಕಡೆಯಿಂದ ಹೋಗುತ್ತಿದ್ದ ವಿದ್ಯುತ್ತನ್ನೂ ನಿಲ್ಲಿಸಿತು. ನಗರದಲ್ಲಿ ಉಳಿದಿದ್ದ ಆಹಾರ ಸುಮಾರು 36 ದಿನಗಳಿಗೆ, ಇದ್ದಲು 45 ದಿನಗಳಿಗೆ ಸಾಲುವಷ್ಟು.

ಸೈನ್ಯದ ಕಾವಲಿನಲ್ಲಿ ಲಾರಿಗಳನ್ನು ನುಗ್ಗಿಸೋಣವೆಂಬ ಆಲೋಚನೆ ಕ್ಲೇ ಅವರಿಗೆ ಬಂದಿತ್ತು. ಆದರೆ ಒಂದು ಗುಂಡು ಹಾರಿದ್ದರೆ ಮೂರನೆಯ ಮಹಾಯುದ್ಧಕ್ಕೆ ಅದೇ ನಾಂದಿಯಾಗಬಹುದಿತ್ತು. ಅಣುಬಾಂಬು ಆಗ ಅಮೆರಿಕದ ಬಳಿ ಮಾತ್ರ ಇದ್ದಿತೆಂಬುದನ್ನು ವಾಚಕರು ಮರೆಯಬಾರದು. ಆಗ ನೆನಪಾದದ್ದು ಆ ಬರಹದ ಕರಾರು. ಜೂನ್ 26ರಂದು ವಿಮಾನಗಳು ಹೊರಟವು.

ಹಿಟ್ಟು, ಒಣಗಿಸಿದ ಆಲೂಗಡ್ಡೆ, ಹಾಲಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಇದ್ದಲು ಆಕಾಶದಿಂದ ಇಳಿಯಿತು. ಮೂರು ವರ್ಷಗಳ ಹಿಂದೆ ಇದೇ ನಗರದ ಮೇಲೆ ಬಾಂಬು ಸುರಿಸಿದ್ದ ರಾಷ್ಟ್ರಗಳೇ ಈಗ ಅಲ್ಲಿನ ಮಕ್ಕಳಿಗೆ ಹಾಲು ಹೊತ್ತು ತಂದವು. ಟೇಗೆಲ್ ಎಂಬಲ್ಲಿ ಹೊಸ ವಿಮಾನ ನಿಲ್ದಾಣವನ್ನು ನಗರದ ಜನರೇ, ಅದರಲ್ಲೂ ಹೆಂಗಸರು, ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಹಾಸಿ ಸುಮಾರು ಮೂರು ತಿಂಗಳಲ್ಲಿ ಕಟ್ಟಿದರು. ಆ ಚಳಿಗಾಲ ದೀಪವಿಲ್ಲದೆ, ಬೆಂಕಿಯಿಲ್ಲದೆ ಸಾಗಿತಾದರೂ ಪಶ್ಚಿಮ ಬರ್ಲಿನ್ ಶರಣಾಗಲಿಲ್ಲ. 1949ರ ಈಸ್ಟರ್ ಹಬ್ಬದ ವೇಳೆಗೆ ಒಂದೇ ದಿನದಲ್ಲಿ ಸುಮಾರು 1,400 ಹಾರಾಟಗಳು 13,000 ಟನ್ನುಗಳಷ್ಟು ಸಾಮಾನು ತಂದವು.

ರಷ್ಯದ ವಿಮಾನಗಳು ಹಾದಿಯಲ್ಲಿ ಕಾಟ ಕೊಟ್ಟದ್ದುಂಟು; ಹೊಡೆದು ಕೆಡಹಿದ್ದು ಮಾತ್ರ ಒಂದೂ ಇಲ್ಲ. ಅದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಆ ಮಾರ್ಗಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಬರ್ಲಿನ್ನಿನ ಕಚೇರಿಯಲ್ಲಿ ನಾಲ್ಕು ರಾಷ್ಟ್ರಗಳ ಅಧಿಕಾರಿಗಳೂ, ಹೊರಗೆ ದಿಗ್ಬಂಧನವಿದ್ದ ಕಾಲದಲ್ಲಿಯೂ, ಒಟ್ಟಿಗೆ ಕುಳಿತು ಕೆಲಸ ಮಾಡುತ್ತಿದ್ದರು! ನಾಯಕರ ಮಾತು ಮುರಿದಿದ್ದರೂ ಗುಮಾಸ್ತಿಕೆ ಮುರಿದಿರಲಿಲ್ಲ.

1949ರ ಮೇ 12ರಂದು ರಷ್ಯವು ಹಾದಿಗಳನ್ನು ತೆರೆಯಿತು. ಅಪಘಾತಗಳಲ್ಲಿ ಸುಮಾರು 100 ಜನರು ಪ್ರಾಣ ತೆತ್ತಿದ್ದರು. ವೈರವೇನೂ ಅಳಿಯಲಿಲ್ಲ. ಅದೇ ವರ್ಷ ಜರ್ಮನಿ ಎರಡಾಯಿತು, ನ್ಯಾಟೋ ಕೂಟ ಹುಟ್ಟಿತು, ರಷ್ಯವೂ ಅಣುಬಾಂಬನ್ನು ಸಿಡಿಸಿತು. 1961ರಲ್ಲಿ ಬರ್ಲಿನ್ನಿನ ನಡುವೆ ಎದ್ದ ಗೋಡೆ ಬಾಗಿಲು ತೆರೆಯಲು 1989 ಬರಬೇಕಾಯಿತು. ಆದರೆ ಯುದ್ಧ ಮಾತ್ರ ಆಗಲಿಲ್ಲ.

ಈ ಶಾಂತಿಯನ್ನು ಕಾಯ್ದದ್ದು ಪ್ರೀತಿಯಲ್ಲ, ನಂಬಿಕೆಯೂ ಅಲ್ಲ. ಒಬ್ಬರನ್ನೊಬ್ಬರು ನಂಬದವರೂ ಮೀರಲು ಹಿಂಜರಿದ ಒಂದು ಕರಾರು, ಅದರ ಬೆನ್ನಿಗೆ ಜನರ ಸಹನೆ. ಮಿತ್ರರ ನಡುವೆ ಬಾಯಿಮಾತು ಸಾಕಾದೀತು. ಕಾಗದ ಬೇಕಾಗುವುದು ಶತ್ರುಗಳ ನಡುವೆಯೇ. 1987ರಲ್ಲಿ ರೇಗನ್ ಮತ್ತು ಗೋರ್ಬಚೇವ್ ರುಜು ಮಾಡಿದ ಕ್ಷಿಪಣಿ ಒಪ್ಪಂದವು 2019ರಲ್ಲಿ ಕೊನೆಗೊಂಡಿತು. ಇಂಥ ಕಾಗದಗಳು ಒಂದೊಂದಾಗಿ ಕಡತದಿಂದ ಜಾರಿಹೋಗುವಾಗ, ಮುಂದಿನ ಬರ್ಲಿನ್ನಿಗೆ ಯಾವ ಆಕಾಶಮಾರ್ಗ ಉಳಿದಿರುವುದೆಂದು ಕೇಳುವ ಹಕ್ಕು ನಡುವಿನ ಗಿಡಗಳಾದ ನಮಗೆಲ್ಲರಿಗೂ ಇದೆ.