ತೊಗರಿ ಹೂ ಬಿಡುವ ಹೊತ್ತು

ಭಾಲ್ಕಿ, ಔರಾದ್ ಸೀಮೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಆಳೆತ್ತರ ಬೆಳೆದು, ದಸರೆಯ ಆಸುಪಾಸಿಗೆ ಹೂವಾಗುತ್ತದೆ. ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದರೆ ಗಿಡ ಗಿಡ್ಡಾಗೇ ಉಳಿಯುತ್ತದೆ. ಹೂವಿನ ಹೊತ್ತು ಮಾತ್ರ ಬಿತ್ತನೆಯಷ್ಟು ಹಿಂದೆ ಸರಿಯದು. ಬೀದರಿನ ರೈತರಿಗೆ ಇದು ಹೊಸ ಸಂಗತಿಯಲ್ಲ. ಇದರ ಗುಟ್ಟು ಮೊದಲು ಬಿಚ್ಚಿಕೊಂಡದ್ದು ಇಂದು ಇದೇ ಹೊಲಗಳನ್ನು ತುಂಬಿರುವ ಸೋಯಾಬೀನಿನಲ್ಲಿ, ಆದರೆ ದೂರದ ಅಮೆರಿಕದಲ್ಲಿ.

ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ಪ್ರಯೋಗ ಕ್ಷೇತ್ರದಲ್ಲಿ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ‘ಬಿಲಾಕ್ಸಿ’ ಎಂಬ ಸೋಯಾ ತಳಿಯನ್ನು ಹಲವು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಬಿತ್ತಿ ನೋಡಿದ್ದರು. ಮೊದಲು ಬಿತ್ತಿದ್ದೂ ಕೊನೆಗೆ ಬಿತ್ತಿದ್ದೂ ಸೆಪ್ಟೆಂಬರಿನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಟ್ಟವು. ಹಾಗಾದರೆ ಗಿಡ ತನ್ನ ವಯಸ್ಸನ್ನು ಎಣಿಸುತ್ತಿಲ್ಲ! 1918ರ ಜುಲೈಯಲ್ಲಿ ಅವರು ಬೆಳಕು ನುಸುಳದ ಪುಟ್ಟ ಗುಡಿಸಲು ಕಟ್ಟಿಸಿ, ಹೊತ್ತು ಮುಳುಗುವ ಮೊದಲೇ ಸೋಯಾ, ಹೊಗೆಸೊಪ್ಪಿನ ಗಿಡಗಳನ್ನು ಒಳಗಿಟ್ಟರು. ಹಗಲು ಮೊಟಕಾದ ಗಿಡಗಳು ಬೇಗನೆ ಹೂ ಬಿಟ್ಟವು. 1920ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಗಿಡ ನಿಜಕ್ಕೂ ಅಳೆಯುವುದು ಇರುಳಿನ ಉದ್ದವನ್ನು ಎಂದು 1938ರಲ್ಲಿ ಹ್ಯಾಮ್ನರ್, ಬಾನರ್ ತೋರಿಸಿದರು. ಬೀದರಿನ ಅತಿ ದೊಡ್ಡ ಹಗಲು ಸುಮಾರು 13 ತಾಸು, ಅತಿ ಸಣ್ಣದು 11. ಹೂವಿನ ಹೊತ್ತು ತಿಳಿಯಲು ಆ ಎರಡು ತಾಸಿನ ಅಂತರ ತೊಗರಿಗೆ ಸಾಕು.

ಇರುಳನ್ನು ಅಳೆಯುವುದು ಎಲೆ; ಹೂವಾಗುವುದು ಕುಡಿ. ನಡುವೆ ಸುದ್ದಿ ಒಯ್ಯುವವರು ಯಾರು? ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಅದಕ್ಕೆ ‘ಫ್ಲೋರಿಜನ್’ ಎಂಬ ಹೆಸರಿಟ್ಟದ್ದು 1930ರ ದಶಕದಲ್ಲಿ. ವಸ್ತು ಕೈಗೆ ಸಿಕ್ಕಿದ್ದು 2007ರಲ್ಲಿ. ಎಲೆಯಲ್ಲಿ ಹುಟ್ಟಿ ಕುಡಿಗೆ ಹರಿಯುವ ಎಫ್‌ಟಿ ಎಂಬ ಪ್ರೋಟೀನೇ ಅದು. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದರ ಸೋದರಿ ಟಿಎಫ್‌ಎಲ್1. ಎಫ್‌ಟಿ ಹೂ ತರಿಸಿದರೆ, ಇದು ಕುಡಿ ಹೂವಾಗದಂತೆ ತಡೆದು ಬೆಳವಣಿಗೆ ಮುಂದುವರಿಸುತ್ತದೆ. ಸಾಸಿವೆ ಬಳಗದ ಅರಬಿಡಾಪ್ಸಿಸ್ ಗಿಡದಲ್ಲಿ, ಈ ತಡೆಯುವ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರೆ ಅದೇ ಹೂ ತರಿಸತೊಡಗುತ್ತದೆ ಎಂದು 2005ರಲ್ಲಿ ಗೊತ್ತಾಯಿತು.

ಮುಂದಿನ ಕತೆ ನಮ್ಮ ಮಗ್ಗುಲಲ್ಲೇ ನಡೆಯಿತು. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ‘ಆಶಾ’ ಎಂಬ ತೊಗರಿ ತಳಿಯ ಜೀನೋಮ್ ಓದಿದಾಗ 48,680 ಜೀನ್‌ಗಳು ಕಂಡವು. ತೊಗರಿಯಲ್ಲಿ ಎರಡು ಬಗೆ: ತುದಿಯಲ್ಲಿ ಹೂಗೊಂಚಲು ಬಿಟ್ಟು ಬೆಳವಣಿಗೆ ನಿಲ್ಲಿಸುವುದು ಒಂದು, ಕುಡಿ ಚಿಗುರುತ್ತಲೇ ಹೋಗುವುದು ಇನ್ನೊಂದು. ಈ ವ್ಯತ್ಯಾಸದ ಹಿಂದೆ ತೊಗರಿಯದೇ ಟಿಎಫ್‌ಎಲ್1 ಜೀನ್ ಇರುವುದಕ್ಕೆ 2014ರಲ್ಲಿ ಬಲವಾದ ಪುರಾವೆ ಸಿಕ್ಕಿತು.

ನಿಲ್ಲುವ ಗಿಡದ ಕಾಯಿ ತುದಿಯಲ್ಲಿ ಒತ್ತಾಗಿದ್ದು ಯಂತ್ರದ ಕೊಯ್ಲಿಗೆ ಅನುಕೂಲ. ಕಾಯಿಕೊರಕಕ್ಕೂ ಅಷ್ಟೇ ಅನುಕೂಲ. ನಿಲ್ಲದ ಗಿಡ, ಮೊದಲ ಹೂ ಉದುರಿದರೂ ತೇವವಿದ್ದರೆ ಮತ್ತೆ ಹೂ ಬಿಡುತ್ತದೆ. ಮಳೆಯನ್ನೇ ನಂಬಿದ ಔರಾದಿನ ಹೊಲಕ್ಕೆ ತಳಿ ಆರಿಸುವವರು ಈ ಎರಡನೆಯ ಗುಣವನ್ನು ಕೈಬಿಡಬಾರದು.